ಶಾರೂಖ್ ಹತ್ತಿದ ರೈಲು, ನಮ್ಮೂರ ಹುಡುಗನ ಟಿಕೇಟು!

ಸಿನಿಮಾದ ಹೀರೋ ಸಾಲಿನಲ್ಲಿ ನಿಂತು ರೈಲು ಟಿಕೇಟು ತೆಗೆದುಕೊಂಡದ್ದನ್ನು ನೀವು ಎಂದಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಓಡಿ ಬರುತ್ತಾನೆ, ಬಾಗಿಲ ಕಂಬಿ ಹಿಡಿಯುತ್ತಾನೆ, ನೆಗೆದು ಒಳಗೆ ಹೋಗುತ್ತಾನೆ. ಮುಂದಿನ ಷಾಟಿನಲ್ಲಿ ಕಿಟಕಿ ಪಕ್ಕದ ಸೀಟು, ಎದುರಿಗೆ ನಾಯಕಿ! ಚಿಲ್ಲರೆ ಇಲ್ಲ ಅಂತ ಕೌಂಟರಿನವನು ಬೈಯುವುದಿಲ್ಲ, ಟಿ.ಟಿ. ಬಂದು ಭುಜ ತಟ್ಟುವುದಿಲ್ಲ. 'ಶೋಲೆ' (1975) ಚಿತ್ರದ ಜೈ-ವೀರು ಕೈಗೆ ಬೇಡಿ ಹಾಕಿಸಿಕೊಂಡು ಗೂಡ್ಸ್ ರೈಲಿನಲ್ಲಿ ಹೋದವರು, ಅವರಿಗೆ ಟಿಕೇಟು ಬೇಕಿರಲಿಲ್ಲ ಬಿಡಿ!

ಈ ಮಾತು ಈಗ ಯಾಕೆ ಅಂದರೆ, ನಮ್ಮ ಅಂಜನಾಪುರದ ಒಬ್ಬ ಹುಡುಗ ಸಿನಿಮಾದ ರೈಲನ್ನು ನಂಬಿಕೊಂಡು ಪರದೇಶದಲ್ಲಿ ನಿಜವಾದ ರೈಲು ಹತ್ತಿದ. ಹತ್ತಿ ಸಿಕ್ಕಿಬಿದ್ದ. ಜೇಬಿನಲ್ಲಿ ಟಿಕೇಟು ಇಟ್ಟುಕೊಂಡೇ ಸಿಕ್ಕಿಬಿದ್ದ! ಹೆಸರು ಬರೆಯಬಾರದು ಅಂತ ಕೈ ಹಿಡಿದು ಕೇಳಿಕೊಂಡಿದ್ದಾನೆ. ಅವನಪ್ಪ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಇದೇ ಪತ್ರಿಕೆ ಕೊಳ್ಳುವವರು.

ರೈಲಿಲ್ಲದ ಊರಿನವರು

ಶಿಕಾರಿಪುರ ತಾಲ್ಲೂಕಿನ ನಾವು ರೈಲು ಕಂಡವರಲ್ಲ. ನಮ್ಮದೇನಿದ್ದರೂ ಬಸ್ಸು. ಸವಳಂಗದ ಮೇಲೆ ಶಿವಮೊಗ್ಗಕ್ಕೆ ಬಸ್ಸು, ಅಲ್ಲಿಂದ ಬೇಕಾದರೆ ರೈಲು. ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರವರಿಯಲ್ಲಿ ಪ್ರಧಾನಿಗಳೇ ಶಂಕುಸ್ಥಾಪನೆ ಮಾಡಿ ಹೋದರು. ಹಳಿಯ ಮೇಲೆ ಗಾಡಿ ಓಡುವ ದಿನಕ್ಕೆ ಕಾಯುತ್ತಿದ್ದೇವೆ.

ನಾನು ಮೊದಲ ಸಲ ರೈಲು ಕಂಡದ್ದು ಕುಂಸಿಯ ಆಚೆ ಅರಸಾಳಿನಲ್ಲಿ. ನಮ್ಮ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲ್ವೆ ಸ್ಟೇಷನ್ನು ತೆಗೆದದ್ದು ಅಲ್ಲಿಯೇ. ಊರಿನ ದೃಶ್ಯವೆಲ್ಲ ಆಗುಂಬೆಯಲ್ಲಿ, ರೈಲು ಮಾತ್ರ ಅರಸಾಳಿನಲ್ಲಿ! 2020ರಲ್ಲಿ ಆ ಹಳೇ ಸ್ಟೇಷನ್ ಕಟ್ಟಡವನ್ನೇ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಹೋಗದಿದ್ದವರು ಒಮ್ಮೆ ಹೋಗಿ ಬನ್ನಿ. ಆಗೆಲ್ಲ ಅದು ಮೀಟರ್ ಗೇಜ್ ಮಾರ್ಗ. ಹಳಿಯಿಂದ ಹಳಿಗೆ ಒಂದೇ ಮೀಟರು. ಪುಟ್ಟ ಬೋಗಿ, ಬಗ್ಗಿದರೆ ತಲೆ ಎದುರು ಸೀಟಿನವನ ತಲೆಗೆ ಢೀ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಆಯಿತು. ಈ ಒಂದು ಮೀಟರಿನ ಮಾತು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪರದೇಶ ಅಂತ ನಾವು ಕಂಡದ್ದಾದರೂ ಎಲ್ಲಿ? ತೆರೆಯ ಮೇಲೆ. 1978ರಲ್ಲಿ 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ' ಬಂತಲ್ಲ, ಹೊರದೇಶದಲ್ಲಿ ಷೂಟಿಂಗ್ ಮಾಡಿದ ಮೊದಲ ಕನ್ನಡ ಚಿತ್ರ ಅಂತ ಹೆಸರಾದದ್ದು. ವಿಷ್ಣು, ದ್ವಾರಕೀಶ್, ಮಂಜುಳಾ. ಅದರ ರೀಲಿನ ಪೆಟ್ಟಿಗೆ ನಮ್ಮ ಕಡೆಯ ಟಾಕೀಸಿಗೆ ಎಷ್ಟು ಸಲ ಬಂದರೂ ಗಾಂಧಿ ಕ್ಲಾಸು ತುಂಬುತ್ತಿತ್ತು.

ಇಲ್ಲೊಂದು ಸ್ವಾರಸ್ಯ ಇದೆ. ವಿಷ್ಣು-ದ್ವಾರಕೀಶ್ ಹೋದಾಗ ಇವತ್ತಿನ ಸಿಂಗಾಪುರದ ಮೆಟ್ರೋ ಇರಲೇ ಇಲ್ಲ. ಅದು ಓಡಲು ಶುರುವಾದದ್ದು 1987ರ ನವೆಂಬರಿನಲ್ಲಿ. ಆಗ ಅಲ್ಲಿ ರೈಲು ಅಂದರೆ ತಂಜೊಂಗ್ ಪಗಾರ್ ಎಂಬ ಸ್ಟೇಷನ್ನು. 1932ರದ್ದು. ನೆಲ ಸಿಂಗಾಪುರದ ನಡುಮಧ್ಯೆ, ಸ್ಟೇಷನ್ನು ಮಾತ್ರ ಪಕ್ಕದ ಮಲೇಷ್ಯಾದ ರೈಲ್ವೆಯದು! 1998ರಲ್ಲಿ ಸಿಂಗಾಪುರದವರು ತಮ್ಮ ಪಾಸ್‌ಪೋರ್ಟ್ ತಪಾಸಣೆಯನ್ನು ಗಡಿಯ ಹತ್ತಿರ ವುಡ್‌ಲ್ಯಾಂಡ್ಸ್‌ಗೆ ತೆಗೆದುಕೊಂಡು ಹೋದರು. ಮಲೇಷ್ಯಾದವರು ಜಾಗ ಬಿಡಲಿಲ್ಲ. ಅದರಿಂದ ಏನಾಯಿತು ನೋಡಿ: ರೈಲು ಹತ್ತುವ ಮುಂಚೆಯೇ ಮಲೇಷ್ಯಾ ಪ್ರವೇಶ, ಅರ್ಧ ಗಂಟೆ ಕಳೆದ ಮೇಲೆ ಸಿಂಗಾಪುರದಿಂದ ನಿರ್ಗಮನ! ದೇಶ ಬಿಡುವ ಮುಂಚೆ ಇನ್ನೊಂದು ದೇಶ ಹೊಕ್ಕಾಗಿರುತ್ತಿತ್ತು. ಇಂಥ ದೃಶ್ಯ ಬರೆದರೆ ನಮ್ಮ ನಿರ್ಮಾಪಕರು 'ಲಾಜಿಕ್ ಇಲ್ಲ ಕಣ್ರೀ' ಅಂತ ಹರಿದು ಬಿಸಾಡುತ್ತಾರೆ.

ಟಿಕೇಟಿನ ಕಥೆ ಇನ್ನೂ ತಮಾಷೆ. ಮಲೇಷ್ಯಾದ ಕಡೆಯಿಂದ ಬಂದರೆ ಇಷ್ಟು ರಿಂಗಿಟ್ಟು. ಅದೇ ದಾರಿ ಸಿಂಗಾಪುರದಿಂದ ಹೋದರೆ ಅಷ್ಟೇ ಸಂಖ್ಯೆಯ ಡಾಲರು. ಸಿಂಗಾಪುರದ ಡಾಲರು ರಿಂಗಿಟ್ಟಿಗಿಂತ ಎರಡು ಪಟ್ಟಿಗೂ ಮೇಲೆ ಬೆಲೆ ಬಾಳುತ್ತಿದ್ದ ಕಾಲದಲ್ಲೂ ಹೀಗೇ. ಬಲ್ಲವರು ಗಡಿ ದಾಟಿ ಜೊಹೋರ್ ಬಾರುವಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ರೈಲು ಹತ್ತುತ್ತಿದ್ದರು. ಅದೇ ರೈಲು, ಅದೇ ಸೀಟು, ಅರ್ಧ ದುಡ್ಡು! 2011ರ ಜೂನ್ 30ರ ರಾತ್ರಿ ಕೊನೆಯ ರೈಲು ಹೊರಟಿತು. ಓಡಿಸಿದ್ದು ಜೊಹೋರಿನ ಸುಲ್ತಾನರು ಸ್ವತಃ. ಎಂಥ ಕ್ಲೈಮ್ಯಾಕ್ಸು!

ಇರಲಿ. ನಮ್ಮ ಹುಡುಗನ ತಲೆ ಕೆಡಿಸಿದ್ದು ಸಿಂಗಾಪುರ ಅಲ್ಲ, ಸ್ವಿಟ್ಜರ್‌ಲ್ಯಾಂಡು.

ಏರಿಯ ಮೇಲೆ ಬಾಯಿಬಿಟ್ಟ ಗುಟ್ಟು

1995ರಲ್ಲಿ ಬಂದ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ನೋಡದವರು ಈ ಪುಟ ಓದುತ್ತಿರಲಾರರು. ಮುಂಬಯಿಯ ಮರಾಠಾ ಮಂದಿರದಲ್ಲಿ ಸಾವಿರ ವಾರ ದಾಟಿದ ಚಿತ್ರ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಲ್ಲಿ ಶಾರೂಖ್-ಕಾಜೋಲ್ ರೈಲು ಹತ್ತುತ್ತಾರೆ. ಯೂರೋಪ್ ಸುತ್ತುವಾಗ ಒಂದು ಕಡೆ ಇಬ್ಬರೂ ರೈಲು ತಪ್ಪಿಸಿಕೊಳ್ಳುತ್ತಾರೆ. ಅಲ್ಲಿಂದ ಪ್ರೇಮ. ಇಡೀ ಕಥೆ ನಿಂತಿರುವುದೇ ತಪ್ಪಿಹೋದ ಒಂದು ರೈಲಿನ ಮೇಲೆ! ಅಂದಹಾಗೆ, ಕೊನೆಯಲ್ಲಿ ಬಾಗಿಲಿನಿಂದ ಕೈ ಚಾಚಿ ನಾಯಕಿಯನ್ನು ಮೇಲೆಳೆಯುವ ದೃಶ್ಯ ಇದೆಯಲ್ಲ, ಕಥೆಯಲ್ಲಿ ಅದು ಪಂಜಾಬು, ತೆಗೆದದ್ದು ಮಹಾರಾಷ್ಟ್ರದ ಪನ್ವೇಲ್ ಹತ್ತಿರದ ಆಪ್ಟಾ ಸ್ಟೇಷನ್ನಿನಲ್ಲಿ. ಇವತ್ತಿನ ಸ್ವಿಸ್ ರೈಲಿನಲ್ಲಿ ಆ ಷಾಟು ತೆಗೆಯಲಿಕ್ಕೇ ಆಗದು. ಹೊರಡುವ ಮುಂಚೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಕೈ ಚಾಚಿದರೆ ಗಾಜಿಗೆ ತಾಗೀತು.

ನಮ್ಮ ಹುಡುಗ ಇಂಜಿನಿಯರಿಂಗ್ ಮುಗಿಸಿ, ಮೇಲಿನ ಓದಿಗೆ ಜರ್ಮನಿಗೆ ಹೋದ. ಬ್ಯಾಂಕಿನ ಸಾಲ, ಜೊತೆಗೆ ಅವನಪ್ಪನ ಅಡಿಕೆ ತೋಟದ ಪತ್ರ ಅಡ. ಅಲ್ಲಿ ಓದಿನ ನಡುವೆ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ರಜೆಗೆ ಊರಿಗೆ ಬಂದಿದ್ದಾಗ ಒಂದು ಸಂಜೆ ಅಂಜನಾಪುರದ ಏರಿಯ ಮೇಲೆ ಕೂತಿದ್ದೆವು. ಮಳೆಗಾಲದಲ್ಲಿ ಕೋಡಿ ಬಿದ್ದು ಜನ ಜಾತ್ರೆಯಾಗುವ ಜಾಗ. ಈಗ ಕುಮುದ್ವತಿಯ ನೀರು ಸದ್ದಿಲ್ಲದೆ ಮಲಗಿತ್ತು.

"ಅಣ್ಣ, ಒಂದು ವಿಷ್ಯ ಹೇಳ್ತೀನಿ. ಅಪ್ಪಂಗೆ ಹೇಳಬಾರ್ದು."

"ಹುಡುಗಿ ವಿಷ್ಯನೇನೋ?"

"ಅಷ್ಟು ಪುಣ್ಯ ಎಲ್ಲಿ ಬರ್ಬೇಕು ಮಾರಾಯ! ರೈಲಲ್ಲಿ ಸಿಕ್ಕಿಬಿದ್ದೆ. ಟಿಕೇಟಿತ್ತು. ಆದ್ರೂ ಸಿಕ್ಕಿಬಿದ್ದೆ."

ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮಲ್ಲಿ ಟಿಕೇಟು ಇದ್ದವನು ರಾಜ, ಇಲ್ಲದವನು ಕಕ್ಕಸಿನಲ್ಲಿ ಅಡಗುವವನು. ನಡುವೆ ಇನ್ನೇನಿದೆ? ಅವನು ಬಿಡಿಸಿ ಹೇಳಿದ.

ಜರ್ಮನಿಯಲ್ಲಿ 2023ರ ಮೇ ತಿಂಗಳಿಂದ 'ಡಾಯ್ಚ್‌ಲಾಂಡ್ ಟಿಕೇಟು' ಅಂತ ಬಂತು. ಶುರುವಿನಲ್ಲಿ ತಿಂಗಳಿಗೆ 49 ಯೂರೋ, 2025ರಲ್ಲಿ 58, 2026ರಲ್ಲಿ 63. ಅದೊಂದು ಇದ್ದರೆ ಇಡೀ ದೇಶದ ಊರೊಳಗಿನ ಬಸ್ಸು, ಟ್ರಾಮು, ಮೆಟ್ರೋ, ಆಸುಪಾಸಿನ ಊರುಗಳ ನಡುವೆ ಓಡುವ ರೈಲು, ಎಲ್ಲ ಹತ್ತಬಹುದು. ಶಿವಮೊಗ್ಗದಲ್ಲಿ ಪಾಸು ಮಾಡಿಸಿ ಬೀದರಿನವರೆಗೂ ತಿರುಗಿದ ಹಾಗೆ! ಹುಡುಗನಿಗೆ ಸ್ವರ್ಗವೇ ಸಿಕ್ಕಿತು. ಸ್ಟೇಷನ್ನಿಗೆ ಗೇಟಿಲ್ಲ, ಪ್ಲಾಟ್‌ಫಾರಂ ಟಿಕೇಟಿಲ್ಲ, ಯಾರೂ ತಡೆಯುವವರಿಲ್ಲ. ಬೀದಿಯಿಂದ ನಡೆದು ಬಂದು ನೇರ ಬೋಗಿಯೊಳಗೆ.

"ಅಲ್ಲೇ ಅಣ್ಣ ನಾನು ಮೋಸ ಹೋಗಿದ್ದು. ಗೇಟಿಲ್ಲ ಅಂದ್ರೆ ಕಾನೂನೂ ಇಲ್ಲ ಅನ್ಕಂಡೆ."

2024ರ ಬೇಸಿಗೆಯಲ್ಲಿ ಇವನು, ಜೊತೆಗೆ ಇಬ್ಬರು ಹುಡುಗರು, ಶಾರೂಖ್ ರೈಲು ತಪ್ಪಿಸಿಕೊಂಡ ಊರು ನೋಡಲೇಬೇಕು ಅಂತ ಹೊರಟರು. ಫ್ರೈಬುರ್ಗ್ ಎಂಬ ಊರಿನಿಂದ ಸ್ವಿಸ್ ಗಡಿಯ ಬಾಸೆಲ್‌ಗೆ ಹೋಗಬೇಕು. ಬೋರ್ಡಿನ ಮೇಲೆ ಎರಡು ರೈಲು. ಎರಡೂ ಬಾಸೆಲ್‌ಗೇ. ಒಂದು ಕೆಂಪು ಬಣ್ಣದ್ದು, ಸ್ವಲ್ಪ ಹೊತ್ತಿನ ಮೇಲೆ ಬರುವಂಥದ್ದು. ಇನ್ನೊಂದು ಬಿಳೀ ಬಣ್ಣ, ನಡುವೆ ಕೆಂಪು ಪಟ್ಟಿ, ಹಾವಿನ ಹಾಗೆ ನುಣ್ಣಗೆ ಬಂದು ನಿಂತೇಬಿಟ್ಟಿತು. ಸ್ನೇಹಿತರಿಬ್ಬರು ಕಾಫಿ ತರಲು ಹೋಗಿದ್ದರು. ಇವನು ಅವರಿಗೆ ಫೋನ್ ಮಾಡಿ 'ನಾನು ಸೀಟು ಹಿಡಿದಿರ್ತೀನಿ, ಬನ್ನಿ' ಅಂತ ಹತ್ತಿಬಿಟ್ಟ. ನಮ್ಮ ಕಡೆ ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಅಭ್ಯಾಸ! ಬಾಗಿಲು ಮುಚ್ಚಿತು. ಸ್ನೇಹಿತರು ಹೊರಗೆ, ಇವನು ಒಳಗೆ. ಥೇಟು ಸಿನಿಮಾ, ನಾಯಕಿ ಒಬ್ಬಳನ್ನು ಬಿಟ್ಟು.

ಟಿಕೇಟು ನೋಡುವಾಕೆ ಬಂದಳು. ಇವನು ಗತ್ತಿನಿಂದ ಫೋನು ತೋರಿಸಿದ. ಆಕೆ ನೋಡಿ, ತಲೆ ಅಲ್ಲಾಡಿಸಿ, ಇಂಗ್ಲಿಷಿನಲ್ಲಿ ಹೇಳಿದಳಂತೆ: ಟಿಕೇಟು ಸರಿಯಾಗಿದೆ, ರೈಲು ಸರಿಯಿಲ್ಲ. ಬಿಳೀ ರೈಲು ದೂರದ ವೇಗದ ರೈಲು. ತಿಂಗಳ ಪಾಸು ಅದಕ್ಕೆ ನಡೆಯದು. ಸೀಟಿನಲ್ಲಿ ಕೂತಾಗಲೇ ಟಿಕೇಟು ಕೊಡಿ ಅಂದರೆ ಕೊಡುವ ಪದ್ಧತಿಯೂ ಇಲ್ಲ. ದಂಡ 60 ಯೂರೋ!

ನಮ್ಮ ದುಡ್ಡಿನಲ್ಲಿ ಐದೂವರೆ-ಆರು ಸಾವಿರ. ಅವನ ಲೆಕ್ಕದಲ್ಲಿ ಐದು ಗಂಟೆ ಪಾತ್ರೆ. ನಮ್ಮಲ್ಲಾದರೆ ಟಿಕೇಟಿಲ್ಲದವನಿಗೆ ಪ್ರಯಾಣದ ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ. ಬೈಗುಳ ಬೇರೆ. ಆಕೆ ಬೈಯಲಿಲ್ಲ. ಗುರುತಿನ ಚೀಟಿ ಕೇಳಿ, ಮಷೀನಿನಿಂದ ಒಂದು ಕಾಗದ ಹರಿದು ಕೊಟ್ಟು, ಶುಭದಿನ ಅಂತ ಹೇಳಿ ಮುಂದೆ ಹೋದಳು.

"ಬೈದಿದ್ರೆ ಚೆನ್ನಾಗಿತ್ತಣ್ಣ," ಅಂದ ಹುಡುಗ.

ದುಡ್ಡಿಗಿಂತ ದೊಡ್ಡ ಭಯ ಬೇರೆ ಇತ್ತು. ಆ ದೇಶದಲ್ಲಿ ಬೇಕೆಂದೇ ಟಿಕೇಟಿಲ್ಲದೆ ಪ್ರಯಾಣ ಮಾಡುವುದು ಬರಿಯ ದಂಡದ ಮಾತಲ್ಲ, ಅಪರಾಧ. ದಂಡ ಕಟ್ಟಲಾಗದೆ ಜೈಲು ಕಂಡವರೂ ಅಲ್ಲಿದ್ದಾರೆ. ಇದನ್ನು ಆ ರಾತ್ರಿ ಫೋನಿನಲ್ಲಿ ಓದಿದ್ದೇ ಓದಿದ್ದು. ಕೇಸಾದರೆ? ವೀಸಾ ಮುಂದುವರಿಸದಿದ್ದರೆ? ತೋಟದ ಪತ್ರ? ಅಪ್ಪ ಬ್ಯಾಂಕಿನ ಎದುರು ಕೂತ ಹಾಗೆ ಕನಸು ಬೀಳುತ್ತಿತ್ತಂತೆ. ಕಾಗದದಲ್ಲಿದ್ದ ಗಡುವಿಗೆ ಮುಂಚೆ ದಂಡ ಕಟ್ಟಿದ. ಅಲ್ಲಿಗೆ ಮುಗಿಯಿತು. ಆಮೇಲೆ ಯಾವ ಪೋಲೀಸೂ ಬರಲಿಲ್ಲ, ಯಾವ ಕಾಗದವೂ ಬರಲಿಲ್ಲ. ಆದರೆ ಮುಗಿಯಿತು ಅಂತ ಇವನಿಗೆ ಧೈರ್ಯ ಬರಲಿಕ್ಕೆ ತಿಂಗಳೆರಡು ಬೇಕಾಯಿತು. ಆ ಎರಡು ತಿಂಗಳು ಮನೆಗೆ ಫೋನ್ ಮಾಡಿದಾಗಲೆಲ್ಲ 'ಆರಾಮ ಇದೀನಿ' ಅನ್ನುತ್ತಿದ್ದ. ಅವರಮ್ಮ ನನ್ನ ಹತ್ತಿರ 'ಮಗು ದನಿ ಯಾಕೋ ಸರಿಯಿಲ್ಲ' ಅಂದದ್ದು ನನಗೆ ಆಗ ನೆನಪಾಯಿತು.

ಇನ್ನೊಂದು ಕಿವಿಮಾತು ಅವನೇ ಹೇಳಿದ್ದು. ಆ ತಿಂಗಳ ಟಿಕೇಟು ನಿಜದಲ್ಲಿ ಟಿಕೇಟಲ್ಲ, ಚಂದಾ! ನಮ್ಮ ಪತ್ರಿಕೆಯ ಚಂದಾದ ಹಾಗೆ, ಬೇಡ ಅಂತ ಹೇಳುವವರೆಗೂ ತಿಂಗಳು ತಿಂಗಳೂ ಬ್ಯಾಂಕಿನಿಂದ ಹಣ ಹೋಗುತ್ತಿರುತ್ತದೆ. ಬೇಡ ಅನ್ನುವುದನ್ನು ಆ ತಿಂಗಳ 10ನೇ ತಾರೀಕಿನೊಳಗೆ ಹೇಳಬೇಕು. ಹದಿನೈದು ದಿನಕ್ಕೆಂದು ಹೋದ ನೆಂಟರು ಕೊಂಡು, ಊರಿಗೆ ಬಂದ ಮೇಲೂ ಕಟ್ಟುತ್ತಾ ಕೂರುವ ಅಪಾಯ ಇದೆ.

ಶಾರೂಖನ ರೈಲೂ ಒಂದೇ ಮೀಟರು!

ದಂಡ ಕಟ್ಟಿದ ಹುಡುಗ ಬಾಸೆಲ್‌ನಲ್ಲಿ ಇಳಿದ. ಮೊದಲು ಸಿಗುವ ಬಾಸೆಲ್ ಸ್ಟೇಷನ್ನು ಸ್ವಿಸ್ ನೆಲದ ಮೇಲಿರುವ ಜರ್ಮನ್ ಸ್ಟೇಷನ್ನು. ಥೇಟು ಆ ಹಳೇ ಸಿಂಗಾಪುರದ ಕಥೆ. ಹಿಂದಿನಿಂದ ಕೆಂಪು ರೈಲಿನಲ್ಲಿ ಸ್ನೇಹಿತರು ಬಂದರು, ಅದೇ ತಿಂಗಳ ಟಿಕೇಟಿನಲ್ಲಿ, ರಾಜಾರೋಷವಾಗಿ! ಕೈಯಲ್ಲಿ ಇವನ ಪಾಲಿನ ಕಾಫಿ, ತಣ್ಣಗಾಗಿತ್ತು.

ಇವನು ವಾಪಸು ಹೋಗೋಣ ಅಂದ. ಅವರು ಬಿಡಲಿಲ್ಲ. ಸ್ವಿಸ್ಸಿನಲ್ಲಿ ಆಗ ಒಂದು ಫ್ರಾಂಕ್ ಅಂದರೆ ನಮ್ಮ ನೂರು ರೂಪಾಯಿಯ ಆಸುಪಾಸು, ಲೆಕ್ಕ ಹಾಕಲಿಕ್ಕೆ ಸುಲಭ, ಕೊಡಲಿಕ್ಕೆ ಕಷ್ಟ. ಅವರು ಮೊದಲೇ ಒಂದು ದಿನದ ಪಾಸು ಕೊಂಡಿದ್ದರು. ಅಲ್ಲಿ ದಿನದ ಪಾಸು ಮುಂಚಿತವಾಗಿ ಕೊಂಡಷ್ಟೂ ಅಗ್ಗ, ಹೊರಡುವ ದಿನ ಹತ್ತಿರ ಬಂದ ಹಾಗೆ ದುಬಾರಿ. ನಮ್ಮಲ್ಲಿಂದ ಪ್ರವಾಸಕ್ಕೆ ಹೋಗುವವರಿಗೆ ಬೇರೆಯೇ ಸ್ವಿಸ್ ಟ್ರಾವೆಲ್ ಪಾಸು ಇದೆ, ಮೂರು ದಿನದಿಂದ ಹದಿನೈದು ದಿನದವರೆಗೆ. ರೈಲು, ಬಸ್ಸು, ಕೆರೆಯ ದೋಣಿ ಎಲ್ಲ ಅದರಲ್ಲೇ. ಆದರೆ ಎಚ್ಚರ! ಹಿಮ ನೋಡಲು ನಮ್ಮವರೆಲ್ಲ ಓಡುವ ಯುಂಗ್‌ಫ್ರೌ ಶಿಖರದ ರೈಲಿಗೆ ಆ ಪಾಸು ಪೂರ್ತಿ ನಡೆಯದು. ಬುಡದ ಊರಿನವರೆಗೆ ಸರಿ, ಮೇಲೆ ರಿಯಾಯಿತಿ ಮಾತ್ರ. ಇಂಟರ್ಲಾಕೆನ್ನಿನಿಂದ ಹೋಗಿ ಬರಲು ಪೂರ್ತಿ ದರ 200 ಫ್ರಾಂಕ್ ದಾಟುತ್ತದೆ. 1912ರಲ್ಲಿ ಬೆಟ್ಟದ ಹೊಟ್ಟೆ ಕೊರೆದು 3,454 ಮೀಟರ್ ಎತ್ತರಕ್ಕೆ ಮುಟ್ಟಿಸಿದ ಮಾರ್ಗ ಅದು. ಅಲ್ಲಿನ ಒಂದು ರೈಲಿಗೆ 2011ರಲ್ಲಿ ಯಶ್ ಚೋಪ್ರಾ ಹೆಸರಿಟ್ಟರು. 2016ರಲ್ಲಿ ಇಂಟರ್ಲಾಕೆನ್ನಿನಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ನಮ್ಮ ಸಿನಿಮಾದವರು ಅವರಿಗೆ ಎಷ್ಟು ಜನರನ್ನು ಕಳಿಸಿದ್ದಾರೆ ಅನ್ನುವುದು ಅವರಿಗೆ ಗೊತ್ತು!

ಹುಡುಗರು ಬರ್ನ್ ದಾಟಿ, ಸ್ಪೀಟ್ಸ್ ದಾಟಿ, ಟ್ಸ್ವೈಸಿಮ್ಮೆನ್ ಎಂಬ ನಾಲಿಗೆ ತಿರುಚುವ ಊರಿಗೆ ಬಂದರು. ಅದು, ಮುಂದಿನ ಗಸ್ಟಾಡ್, ಸಾನೆನ್, ಇವೇ ಆ ಚಿತ್ರದ ಸ್ವಿಸ್ ಭಾಗ ತೆಗೆದ ಸೀಮೆ. ಟ್ಸ್ವೈಸಿಮ್ಮೆನ್ನಿನಲ್ಲಿ ರೈಲು ಬದಲಿಸಬೇಕು. ಯಾಕೆ ಅಂದರೆ ಅಲ್ಲಿಂದ ಮುಂದೆ ಹಳಿಯೇ ಬೇರೆ. ಎಷ್ಟು ಅಗಲ ಗೊತ್ತೇ? ಒಂದು ಮೀಟರು! ನಮ್ಮ ಹಳೇ ಅರಸಾಳಿನ, ತಾಳಗುಪ್ಪದ ರೈಲಿನ ಅಳತೆ!

"ಅಣ್ಣ, ಆ ಪುಟ್ಟ ಬೋಗಿ ಕಂಡ ಕೂಡ್ಲೆ ನಂಗೆ ಅಳು ಬಂತು ಮಾರಾಯ. ಸಣ್ಣವ್ನಿದ್ದಾಗ ಅಜ್ಜಿ ಜೊತೆ ಸಾಗರಕ್ಕೆ ಹೋಗಿದ್ದು ನೆನಪಾತು."

ನಾವು ಸಣ್ಣ ಹಳಿ ಕಿತ್ತು ದೊಡ್ಡದು ಹಾಕಿದೆವು. ಅವರು ಅದನ್ನು ಹಾಗೇ ಉಳಿಸಿಕೊಂಡು, 2022ರ ಡಿಸೆಂಬರಿನಿಂದ ಒಂದು ಚಮತ್ಕಾರದ ರೈಲು ಬಿಟ್ಟಿದ್ದಾರೆ. ಮಾಂತ್ರೋ ಊರಿನಿಂದ ಸಣ್ಣ ಹಳಿಯ ಮೇಲೆ ಬಂದು, ಟ್ಸ್ವೈಸಿಮ್ಮೆನ್ನಿನಲ್ಲಿ ಮೆಲ್ಲಗೆ ಚಲಿಸುತ್ತಿರುವಾಗಲೇ ಬೋಗಿಯ ಚಕ್ರಗಳು ಅಗಲವಾಗಿ, 1,435 ಮಿಲಿಮೀಟರಿನ ದೊಡ್ಡ ಹಳಿ ಹಿಡಿದು ಇಂಟರ್ಲಾಕೆನ್‌ಗೆ ಹೋಗುತ್ತದೆ. ಜನ ಕೂತಲ್ಲೇ ಕೂತಿರುತ್ತಾರೆ. ನಮ್ಮ ಮಾರ್ಗ ಬದಲಾಗುವಾಗ ವರ್ಷಗಟ್ಟಲೆ ಬಸ್ಸಿನಲ್ಲಿ ನೇತಾಡಿದ ಸಾಗರದವರು ಇದನ್ನು ಓದಿ ನನ್ನನ್ನು ಬೈಯದಿರಲಿ.

ಸ್ಟೇಷನ್ನಿನ ಗಡಿಯಾರದ ಬಗ್ಗೆ ಹುಡುಗ ಹೇಳಿದ್ದು ನನಗೆ ತುಂಬ ಹಿಡಿಸಿತು. ಬಿಳೀ ಮುಖ, ಕಪ್ಪು ಮುಳ್ಳು, ಸೆಕೆಂಡಿನ ಮುಳ್ಳು ಮಾತ್ರ ಕೆಂಪು, ತುದಿಯಲ್ಲಿ ದುಂಡನೆ ಬಿಲ್ಲೆ, ಗಾರ್ಡು ಹಿಡಿಯುವ ಬಿಲ್ಲೆಯ ಹಾಗೆ. ಹಾನ್ಸ್ ಹಿಲ್ಫಿಕರ್ ಎಂಬ ಇಂಜಿನಿಯರು 1944ರಲ್ಲಿ ರೂಪಿಸಿದ ಗಡಿಯಾರ. ಕೆಂಪು ಮುಳ್ಳು ಸುಮಾರು ಐವತ್ತೆಂಟೂವರೆ ಸೆಕೆಂಡಿನಲ್ಲೇ ಸುತ್ತು ಮುಗಿಸಿ, ಹನ್ನೆರಡರ ಮೇಲೆ ಒಂದು ಗಳಿಗೆ ಉಸಿರು ಹಿಡಿದು ನಿಲ್ಲುತ್ತದೆ. ದೇಶದ ಎಲ್ಲ ಸ್ಟೇಷನ್ನಿಗೂ ಒಟ್ಟಿಗೆ ಸೂಚನೆ ಬಂದ ಕೂಡಲೇ ನಿಮಿಷದ ಮುಳ್ಳು ಟಕ್ ಅನ್ನುತ್ತದೆ, ರೈಲು ಹೊರಡುತ್ತದೆ. ಹುಡುಗರು ಮೂವರೂ ಆ ಗಡಿಯಾರದ ಕೆಳಗೆ ಅರ್ಧ ಗಂಟೆ ನಿಂತಿದ್ದರಂತೆ. ಕಾಜೋಲ್ ಬರಲಿಲ್ಲ.

ಸಾನೆನ್ನಿಗೆ ಹೋಗುವ ಮುಂಚೆ ನಮ್ಮವನು ಅದೇ ಪಾಸು ಈ ಪುಟ್ಟ ರೈಲಿಗೂ ನಡೆಯುತ್ತದೆಯೇ ಅಂತ ಮೂರು ಸಲ ಕೇಳಿದನಂತೆ. ಕೌಂಟರಿನಲ್ಲಿ ಒಂದು ಸಲ, ಪ್ಲಾಟ್‌ಫಾರಮ್ಮಿನಲ್ಲಿ ಒಂದು ಸಲ, ಒಳಗೆ ಹೋಗಿ ಕೂತ ಮೇಲೂ ಎದುರಿನ ಮುದುಕಿಯನ್ನು ಒಂದು ಸಲ!

ಅಗ್ಗದ ಟಿಕೇಟಿನ ಬಾಲ

ಇವನ ಕಥೆ ಕೇಳಿದ ಮೇಲೆ ನಾನೂ ನಾಲ್ಕು ದೇಶದ ಸಂಗತಿ ವಿಚಾರಿಸಿದೆ. ಎಲ್ಲ ಕಡೆಯೂ ಗುಟ್ಟು ಒಂದೇ ಜಾತಿಯದು. ಅಗ್ಗದ ಟಿಕೇಟಿಗೆ ಒಂದು ಬಾಲ ಇರುತ್ತದೆ. ಬ್ರಿಟನ್ನಿನಲ್ಲಿ 'ಅಡ್ವಾನ್ಸ್' ಅಂತ ಅಗ್ಗಕ್ಕೆ ಸಿಗುವುದು ಅದರ ಮೇಲೆ ಬರೆದ ಒಂದೇ ರೈಲಿಗೆ. ಕಾಜೋಲ್ ಹಾಗೆ ತಪ್ಪಿಸಿಕೊಂಡರೆ ದುಡ್ಡು ಹೋಯಿತು. ಇಂಗ್ಲೆಂಡಿನಲ್ಲಿ ಸರಿಯಾದ ಟಿಕೇಟಿಲ್ಲದವರ ದಂಡ 2023ರ ಜನವರಿಯಿಂದ 100 ಪೌಂಡು, ಅದರ ಮೇಲೆ ಪ್ರಯಾಣದ ದರ; ಇಪ್ಪತ್ತೊಂದು ದಿನದೊಳಗೆ ಕಟ್ಟಿದರೆ 50. ಜರ್ಮನಿಯ ಅಗ್ಗದ ಟಿಕೇಟೂ ಒಂದೇ ರೈಲಿಗೆ ಕಟ್ಟುಬಿದ್ದದ್ದು. ಆದರೆ ರೈಲೇ ಇಪ್ಪತ್ತು ನಿಮಿಷ ಅಥವಾ ಹೆಚ್ಚು ತಡವಾಗುವುದಿದ್ದರೆ ಕಟ್ಟು ಬಿಚ್ಚಿಹೋಗುತ್ತದೆ. ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಗೆ ಅರ್ಧ ವಾಪಸು ಕೇಳಬಹುದು. ನಮ್ಮಲ್ಲೂ ಹೀಗಿದ್ದಿದ್ದರೆ ಎಷ್ಟು ಜನ ಲಕ್ಷಾಧೀಶರಾಗುತ್ತಿದ್ದರೋ!

ಇಟಲಿಯಲ್ಲಿ ಕಾಗದದ ಲೋಕಲ್ ಟಿಕೇಟು ಕೊಂಡರೆ ಸಾಲದು, ಪ್ಲಾಟ್‌ಫಾರಮ್ಮಿನ ಮಷೀನಿಗೆ ತುರುಕಿ ಮುದ್ರೆ ಹೊಡೆಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೇಟು ದಂಡಕ್ಕೆ ದಾರಿ. ಜಪಾನಿನ ಬುಲೆಟ್ ರೈಲಿಗೆ ಎರಡು ದರ, ದೂರಕ್ಕೆ ಒಂದು, ವೇಗಕ್ಕೆ ಇನ್ನೊಂದು. ವಿದೇಶಿಯರಿಗೆ ಕೊಡುವ ಅಲ್ಲಿನ ಏಳು ದಿನದ ಪಾಸು 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ ಒಂದೇ ನೆಗೆತಕ್ಕೆ 50,000 ಆಯಿತು. ಹಳೇ ಲೆಕ್ಕ ನಂಬಿಕೊಂಡು ಹೊರಟವರು ಕೆಟ್ಟರು. ಇನ್ನು ಯೂರೋಪಿನ ಹಲವು ದೇಶ ಸುತ್ತುವ ಪಾಸಿನಲ್ಲೂ ಜಾತಿ ಎರಡು. ನಮ್ಮೂರಿನಿಂದ ಹೋದವರಿಗೆ ಯೂರೇಲ್, ಅಲ್ಲಿ ನೆಲೆಸಿದವರಿಗೆ ಇಂಟರ್‌ರೈಲ್. ಪಾಸು ಇದ್ದರೂ ಎಷ್ಟೋ ವೇಗದ ರೈಲಿಗೆ ಸೀಟಿನ ದುಡ್ಡು ಬೇರೆ ಕಟ್ಟಬೇಕು.

ಶಿವಮೊಗ್ಗ ಟೌನ್, ಎರಡನೇ ಕೌಂಟರು

ಹುಡುಗ ವಾಪಸು ಹೊರಡುವ ಮುಂಚಿನ ಭಾನುವಾರ 'ಅಣ್ಣ, ಅರಸಾಳಿಗೆ ರೈಲಲ್ಲೇ ಹೋಗಣ' ಅಂದ. ಬೈಕಿದೆಯಲ್ಲೋ ಅಂದರೆ ಕೇಳಲಿಲ್ಲ. ಬೆಳಿಗ್ಗೆ ಶಿವಮೊಗ್ಗಕ್ಕೆ ಬಸ್ಸು, ಅಲ್ಲಿ ಟೌನ್ ಸ್ಟೇಷನ್ನು. ಸಾಲು ಉದ್ದ ಇತ್ತು. ನಾನು ಪಕ್ಕದಲ್ಲಿ ನಿಂತಿದ್ದೆ.

"ಎರಡು ಅರಸಾಳು," ಅಂದ. ಟಿಕೇಟು ಬಂತು. ಇವನು ಜಾಗ ಬಿಡಲಿಲ್ಲ. ಟಿಕೇಟು ತಿರುಗಿಸಿ ತಿರುಗಿಸಿ ಓದಿದ.

"ಸಾರ್, ಇದು ಈಗ ಬರೋ ಗಾಡಿಗೆ ಆಗುತ್ತಾ? ಎಕ್ಸ್‌ಪ್ರೆಸ್ಸಿಗಾ, ಪ್ಯಾಸೆಂಜರಿಗಾ?"

ಹಿಂದಿನವರು ಗೊಣಗಿದರು. ಕೌಂಟರಿನವರು ಕನ್ನಡಕ ಮೇಲೆತ್ತಿ ಇವನನ್ನು ನೋಡಿದರು. ನಿಜ ಹೇಳಬೇಕೆಂದರೆ ನಮ್ಮಲ್ಲೂ ಪ್ಯಾಸೆಂಜರಿನ ಟಿಕೇಟು ಎಕ್ಸ್‌ಪ್ರೆಸ್ಸಿಗೆ ನಡೆಯುವುದಿಲ್ಲ, ಎಕ್ಸ್‌ಪ್ರೆಸ್ಸಿನದು ಸೂಪರ್‌ಫಾಸ್ಟಿಗೆ ಸಾಲುವುದಿಲ್ಲ. ನಾವು ಯಾರೂ ಕೇಳುವುದಿಲ್ಲ, ಅಷ್ಟೇ.

"ಆಗುತ್ತೆ ಹೋಗಪ್ಪ. ಎಲ್ಲಿ ಓದ್ತಿದೀಯ?"

"ಜರ್ಮನಿ, ಸಾರ್."

"ಓಹೋ! ಅದಕ್ಕೇ ಕೇಳ್ತಿದೀಯ," ಅಂದರು ಅವರು ಮೆಚ್ಚಿಗೆಯಿಂದ, ಹಿಂದಿನ ಸಾಲಿನವರಿಗೆಲ್ಲ ಕೇಳುವ ಹಾಗೆ.

ಹುಡುಗ ನನ್ನ ಕಡೆ ನೋಡಲಿಲ್ಲ. ಟಿಕೇಟನ್ನು ಅಂಗಿಯ ಜೇಬಿನಲ್ಲಿಟ್ಟು, ಮೇಲಿಂದ ಒಮ್ಮೆ ಒತ್ತಿ ನೋಡಿಕೊಂಡು, ಪ್ಲಾಟ್‌ಫಾರಮ್ಮಿನ ಕಡೆ ನಡೆದ. ಗಾಡಿ ಬಂತು. ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು. ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ ನೆಗೆದು ಹತ್ತಿದ ಒಬ್ಬ ಹುಡುಗ, ಹಿಂದೆ ಓಡಿ ಬರುತ್ತಿದ್ದ ತನ್ನ ಗೆಳೆಯನಿಗೆ ಬಾಗಿಲಿನಿಂದ ಕೈ ಚಾಚಿದ.